ಹಿಮದ ನಾಳದಲ್ಲಿ ಒಂದು ದಿನ: ಪುಣೆಯ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿವರ್ಷ ಜನವರಿಯ ಕೊನೆಗೋ ಫೆಬ್ರುವರಿಯ ಮೊದಲಿಗೋ ಹತ್ತು ದಿನ ಪುಣೆಯನ್ನು ಬಿಟ್ಟು ಸ್ಕೀ ಮಾಡಲು ಕಾಶ್ಮೀರದ ಗುಲ್ಮಾರ್ಗಿಗೆ ಹೋಗಿಬರುವುದು ನನ್ನ ರೂಢಿ. ಹಿಂದಿರುಗಿದ ಮೇಲೆ ಕೋಥರೂಡಿನ ಮನೆಯಲ್ಲಿ, ಭಾನುವಾರ ಬೆಳಗಿನ ಸಿಂಹಗಡದ ದಾರಿಯಲ್ಲಿ, ನಮ್ಮ ಕನ್ನಡಿಗ ಬಳಗದ ಊಟದ ಪಂಕ್ತಿಯಲ್ಲಿ ಬಂಧುಗಳೂ ಸ್ನೇಹಿತರೂ ಕೇಳುವ ಪ್ರಶ್ನೆಗಳು ಬಹುಪಾಲು ಒಂದೇ ಬಗೆಯವು. ಅವುಗಳಿಗೆ ಕೊಡುತ್ತ ಬಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಇದು ಸ್ಕೀಯಿಂಗ್ ಕಲಿಸುವ ಪಾಠವಲ್ಲ. ಕಡಿದಾದ, ಇಕ್ಕಟ್ಟಾದ ಇಳಿಜಾರುಗಳಲ್ಲಿ ಕಳೆಯುವ ಒಂದು ದಿನ ಹೇಗಿರುತ್ತದೆ ಎಂಬುದಕ್ಕೆ ಮಾತ್ರ ಸಂಬಂಧಿಸಿದ ವಿವರಣೆ.

ನೀವು ‘ನಾಳ’ ಎನ್ನುವುದು ಯಾವುದಕ್ಕೆ?

ಎರಡು ಬಂಡೆಗೋಡೆಗಳ ನಡುವೆ ಮೇಲಿನಿಂದ ಕೆಳಗಿನವರೆಗೆ ಇಳಿದುಬರುವ, ಚಳಿಗಾಲದಲ್ಲಿ ಹಿಮ ತುಂಬಿಕೊಳ್ಳುವ ಕಿರಿದಾದ ಕೊರಕಲಿಗೆ. ಇಂಗ್ಲಿಷಿನವರು ಇದನ್ನು ಶೂಟ್ ಎನ್ನುತ್ತಾರೆ. ಈ ಮಾತನ್ನು ಮೊದಲ ಬಾರಿ ಕೇಳಿದ ನನ್ನ ಸೋದರಮಾವ ಕಾಶ್ಮೀರದಲ್ಲಿ ಗುಂಡು ಹಾರಿಸುವ ವಿಚಾರವೆಂದು ಗಾಬರಿಯಾಗಿದ್ದರು. ಫ್ರೆಂಚರು ಬಳಸುವ ಕುಲ್ವಾರ್ ಎಂಬ ಪದಕ್ಕೆ ಮನೆಯೊಳಗಿನ ಉದ್ದನೆಯ ಓಣಿಯಂಥ ಹಾದಿ ಎಂಬ ಅರ್ಥವಿದೆ. ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಸಹ್ಯಾದ್ರಿಯಲ್ಲಿ ಅಲೆದವರಿಗೆ ಹರಿಶ್ಚಂದ್ರಗಡದ ನಳೀಚಿ ವಾಟ್, ಲಿಂಗಾಣದ ಪಕ್ಕದ ಬೋರಾಟ್ಯಾಚಿ ನಾಳ್ ಗೊತ್ತಿರುತ್ತವೆ. ಮರಾಠಿಯ ಆ ನಾಳವೂ ರಕ್ತನಾಳ ಎನ್ನುವಾಗಿನ ಕನ್ನಡದ ನಾಳವೂ ಒಂದೇ ಪದ. ಬೋರಾಟ್ಯಾಚಿ ನಾಳದ ಕಲ್ಲುಗಳನ್ನೆಲ್ಲ ಹಿಮ ಮುಚ್ಚಿದೆಯೆಂದೂ ಅದರ ತುದಿಯಲ್ಲಿ ಕಾಲಿಗೆ ಎರಡು ಹಲಗೆ ಕಟ್ಟಿಕೊಂಡು ನಿಂತಿದ್ದೀರೆಂದೂ ಭಾವಿಸಿಕೊಂಡರೆ ಪ್ರಶ್ನೆಗೆ ಉತ್ತರ ಸಿಕ್ಕಂತೆಯೇ.

ಎಷ್ಟು ಕಡಿದಾಗಿರುತ್ತದೆ?

ಸಾಮಾನ್ಯವಾಗಿ 40ರಿಂದ 50 ಡಿಗ್ರಿ. ಕೇಳುವುದಕ್ಕೆ ಇದು ಸಣ್ಣ ಸಂಖ್ಯೆಯಂತೆ ತೋರುತ್ತದೆ, ಏಕೆಂದರೆ ನಮ್ಮ ಕಣ್ಣಿಗೆ ಕಡಿದು ಎಂದರೆ ಕೊಂಕಣಕಡಾದ ನೇರ ಗೋಡೆ. ಆದರೆ ಸ್ಕೀ ಕಲಿಯುವವರ ಇಳಿಜಾರು ಹತ್ತು ಡಿಗ್ರಿಯನ್ನೂ ಮುಟ್ಟುವುದು ಅಪರೂಪ, ನಾವು ದಿನವೂ ಹತ್ತಿಳಿಯುವ ಮನೆಯ ಮೆಟ್ಟಿಲುಗಳ ಇಳಿಜಾರು ಮೂವತ್ತರ ಆಸುಪಾಸಿನದು. ಪುಣೆಯ ಪೇಟೆಗಳಲ್ಲಿ ಉಳಿದಿರುವ ಹಳೆಯ ವಾಡೆಗಳಲ್ಲಿ ಹಗ್ಗ ಹಿಡಿದು ಹತ್ತಬೇಕಾದ ಮರದ ಮೆಟ್ಟಿಲುಗಳಿವೆಯಲ್ಲ, ನಾಳದ ಕಡಿದು ಅವುಗಳ ಹತ್ತಿರಕ್ಕೆ ಬರುತ್ತದೆ. 45 ಡಿಗ್ರಿಯಲ್ಲಿ ಒಂದು ಮೀಟರ್ ಮುಂದಕ್ಕೆ ಹೋದರೆ ಒಂದು ಮೀಟರ್ ಕೆಳಗಿಳಿದಿರುತ್ತೀರಿ. ಇಳಿಜಾರಿಗೆ ಅಡ್ಡಲಾಗಿ ನಿಂತು ಮೇಲಿನ ಕೈಯನ್ನು ಚಾಚಿದರೆ ಕೈ ಹಿಮಕ್ಕೆ ತಗಲುತ್ತದೆ.

ಅಳೆಯುವುದು ಸುಲಭ. ಸ್ಕೀ ಕೋಲನ್ನು ಹಿಮದ ಮೇಲೆ ಇಳಿಜಾರಿನ ಉದ್ದಕ್ಕೆ ಮಲಗಿಸಿ, ಅದರ ಮೇಲೆ ಮೊಬೈಲನ್ನಿಟ್ಟು, ಕೋನ ತೋರಿಸುವ ಆ್ಯಪ್ ನೋಡಿದರಾಯಿತು. ಅಳೆಯದೆ ಬಾಯಿಮಾತಿನಲ್ಲಿ ಹೇಳುವ ಡಿಗ್ರಿಗಳು ಸಂಜೆ ಹೋಟೆಲಿನ ಬುಖಾರಿ ಎಂಬ ಒಲೆಯ ಸುತ್ತ ಕುಳಿತಾಗ ಐದಾದರೂ ಹೆಚ್ಚಾಗಿರುತ್ತವೆ.

ಇಂಥ ಕಡೆ ಇಳಿಯಬೇಕೆಂದು ಮೊದಲು ಯಾರಿಗೆ ಹೊಳೆಯಿತು?

ಇದಕ್ಕೆ ಒಬ್ಬರ ಹೆಸರು ಹೇಳುವುದು ನ್ಯಾಯವಲ್ಲ, ಆದರೆ 1967ನೆಯ ಇಸವಿಯನ್ನು ನೆನಪಿಡಬಹುದು. ಆ ವರ್ಷ ಸ್ವಿಟ್ಜರ್ಲೆಂಡಿನ ಸಿಲ್ವೆಂ ಸೋಡಾನ್ ಫ್ರಾನ್ಸಿನ ಶಾಮೊನಿಯಲ್ಲಿ ಸ್ಪೆನ್ಸರ್ ಕುಲ್ವಾರ್ ಎಂಬ ನಾಳವನ್ನು ಸ್ಕೀಯಲ್ಲಿ ಇಳಿದರು. ಅದುವರೆಗೆ ಅದು ಪರ್ವತಾರೋಹಿಗಳು ಹಿಮಗೊಡಲಿ ಹಿಡಿದು ಹತ್ತುತ್ತಿದ್ದ ಜಾಗವಾಗಿತ್ತು. ಅದೇ ವರ್ಷ ಅಮೆರಿಕದ ವಯೋಮಿಂಗಿನ ಜ್ಯಾಕ್ಸನ್ ಹೋಲ್‌ನಲ್ಲಿ ಲಾನಿ ಬಾಲ್ ಎಂಬ, ಇಳಿಜಾರುಗಳ ಸುರಕ್ಷತೆ ನೋಡಿಕೊಳ್ಳುವ ಸ್ಕೀ ಗಸ್ತುಗಾರ ಕಾರ್ಬೆಟ್ಸ್ ಕುಲ್ವಾರ್ ಅನ್ನು ಇಳಿದರು. ಅದರ ಬಾಯಿಯಲ್ಲಿ ಹಿಮದ ತುಟಿಯಿಂದ ನೇರವಾಗಿ ಗಾಳಿಗೆ ಹಾರಿ ಒಳಗೆ ಬೀಳಬೇಕು. ಸೋಡಾನ್ ಅವರಿಗೂ ನಮಗೂ ಒಂದು ನಂಟಿದೆ: ಹಲವು ವರ್ಷ ಅವರು ಕಾಶ್ಮೀರದಲ್ಲಿ ಹೆಲಿಕಾಪ್ಟರ್ ಸ್ಕೀಯಿಂಗ್ ನಡೆಸಿದರು.

ಗುಲ್ಮಾರ್ಗಿಗೇ ಏಕೆ? ಪುಣೆಯಿಂದ ಹೇಗೆ ಹೋಗುವುದು?

ನಮ್ಮ ದೇಶದಲ್ಲಿ ಯಂತ್ರದ ಸಹಾಯದಿಂದ ಸುಮಾರು 3,950 ಮೀಟರ್ ಎತ್ತರಕ್ಕೆ ಹೋಗಿ ಸ್ಕೀ ಕಟ್ಟಿಕೊಳ್ಳಬಹುದಾದ ಜಾಗ ಅದೊಂದೇ. ಸುಮಾರು 2,650 ಮೀಟರ್ ಎತ್ತರದ ಗುಲ್ಮಾರ್ಗಿನಿಂದ ಕೊಂಗ್‌ಡೂರಿಯವರೆಗೆ ಗೊಂಡೋಲಾ ಎಂಬ ಕೇಬಲ್ ಕಾರಿನ ಮೊದಲ ಹಂತ 1998ರಲ್ಲೂ ಅಲ್ಲಿಂದ ಅಫರ್ವಟ್ ಬೆಟ್ಟದ ಹೆಗಲಿನವರೆಗೆ ಎರಡನೆಯ ಹಂತ 2005ರಲ್ಲೂ ಆರಂಭವಾದವು. ಎರಡನೆಯ ಹಂತದ ನಿಲ್ದಾಣದಿಂದ ಬೆಟ್ಟದ ನೆತ್ತಿಯ ಏಣು ಹಿಡಿದು ನಡೆದರೆ ನಾವು ಬಟ್ಟಲು ಎನ್ನುವ ಅಗಲವಾದ ತಗ್ಗು ಇಳಿಜಾರುಗಳೂ ಅವುಗಳ ಅಂಚಿನಲ್ಲಿ ಬಂಡೆಗಳ ನಡುವಿನ ನಾಳಗಳೂ ಸಿಗುತ್ತವೆ.

ಪುಣೆಯಿಂದ ವಿಮಾನದಲ್ಲಿ, ಹೆಚ್ಚಾಗಿ ದೆಹಲಿಯ ಮೂಲಕ, ಶ್ರೀನಗರ. ಅಲ್ಲಿಂದ ಸುಮಾರು 50 ಕಿಲೋಮೀಟರ್ ರಸ್ತೆ. ಹಿಮ ಬಿದ್ದ ದಿನ ತಂಗಮರ್ಗ್‌ನಿಂದ ಮೇಲಕ್ಕೆ ಚಕ್ರಗಳಿಗೆ ಸರಪಳಿ ಕಟ್ಟಿದ ಗಾಡಿ ಬೇಕು. ಹೊರರಾಜ್ಯಗಳ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಇರಲಿ. ಡಿಸೆಂಬರ್ 21ರಿಂದ ನಲವತ್ತು ದಿನಗಳ ಚಿಲ್ಲೈ ಕಲಾನ್ ಅಲ್ಲಿನ ಕಡುಚಳಿಯ ಕಾಲ. ಅದರ ಉತ್ತರಾರ್ಧದಿಂದ ಫೆಬ್ರುವರಿಯ ಕೊನೆಯವರೆಗಿನ ಅವಧಿ ನಮ್ಮದು. ಟಿಕೆಟ್ ಕಾದಿರಿಸಿದ ಮಾತ್ರಕ್ಕೆ ಹಿಮ ಬೀಳುವುದಿಲ್ಲ ಎಂಬುದನ್ನು 2024ರ ಜನವರಿ ನಮಗೆ ಕಲಿಸಿತು. ಆ ತಿಂಗಳ ಬಹುಭಾಗ ಗುಲ್ಮಾರ್ಗಿನ ಬಯಲು ಕಂದುಬಣ್ಣದ ಒಣಹುಲ್ಲಾಗಿತ್ತು.

ಆ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಹೇಗೆ ಸಾಗುತ್ತದೆ?

ಕೇಳುವವರು ನಿರೀಕ್ಷಿಸುವುದು ಇಳಿಯುವ ವರ್ಣನೆಯನ್ನು. ನಾಳದೊಳಗೆ ನಾನು ಇರುವುದು ನಿಂತ ಹೊತ್ತೂ ಸೇರಿ ಹತ್ತು ನಿಮಿಷ, ಸ್ಕೀ ಚಲಿಸುತ್ತಿರುವುದು ಹೆಚ್ಚೆಂದರೆ ಎರಡು ನಿಮಿಷ. ಮಿಕ್ಕ ದಿನವೆಲ್ಲ ನೋಡುವುದು, ಕಾಯುವುದು, ನಡೆಯುವುದು.

ಆರು ಗಂಟೆಗೆ ಎದ್ದು ಮೊದಲು ಮಾಡುವ ಕೆಲಸ ಕಿಟಕಿಯ ಹೊರಗೆ ಕಂಬಿಯ ಮೇಲೆ ಎಷ್ಟು ಹೊಸ ಹಿಮ ಕುಳಿತಿದೆ, ಯಾವ ಕಡೆಯಿಂದ ಗಾಳಿ ಬೀಸಿದೆ ಎಂದು ನೋಡುವುದು. ಆಮೇಲೆ ಹಿಮಕುಸಿತದ ಸೂಚನೆ ಓದಬೇಕು. ತಿಂಡಿಯಾದ ಮೇಲೆ ಬಾಗಿಲಲ್ಲೇ ಎಲ್ಲರ ಬೀಕನ್ (ಹಿಮದಲ್ಲಿ ಹೂತವರನ್ನು ಹುಡುಕುವ ಸಾಧನ) ಪರೀಕ್ಷೆ. ಗೊಂಡೋಲಾದ ಸಾಲಿನಲ್ಲಿ ಎರಡು ಗಂಟೆ ನಿಲ್ಲುವುದು ಅಸಾಮಾನ್ಯವೇನಲ್ಲ. ಗಾಳಿ ಜೋರಾಗಿದ್ದರೆ ಅಥವಾ ರಾತ್ರಿ ಭಾರಿ ಹಿಮ ಬಿದ್ದಿದ್ದರೆ ಎರಡನೆಯ ಹಂತ ತೆರೆಯುವುದೇ ಇಲ್ಲ, ತೆರೆದರೂ ಗಸ್ತುಪಡೆಯವರು ಎದುರಿನ ಬಟ್ಟಲಿನಲ್ಲಿ ಸ್ಫೋಟಕ ಸಿಡಿಸಿ ಸಡಿಲ ಹಿಮವನ್ನು ಬೀಳಿಸುವವರೆಗೆ ಕಾಯಬೇಕು. ಕಾಲು ಮರಗಟ್ಟುತ್ತದೆ, ಪಕ್ಕದಲ್ಲಿ ಮಧುಚಂದ್ರಕ್ಕೆ ಬಂದ ದಂಪತಿಗಳು ಬಾಡಿಗೆಯ ಕೋಟಿನಲ್ಲಿ ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ, ಫೆರನ್ ಎಂಬ ನಿಲುವಂಗಿಯೊಳಗೆ ಕೆಂಡದ ಮಡಕೆಯಾದ ಕಾಂಗಡಿ ಇಟ್ಟುಕೊಂಡ ನಮ್ಮ ಗೈಡ್ ಮಾತ್ರ ಬೆಚ್ಚಗಿರುತ್ತಾರೆ.

ಮೇಲಿನ ನಿಲ್ದಾಣದಲ್ಲಿ ಗೊಂಡೋಲಾದಿಂದ ಇಳಿದು ಏಣಿನ ಮೇಲೆ ಅರ್ಧ ಗಂಟೆ ನಡಿಗೆ, ಸ್ಕೀಗಳು ಹೆಗಲ ಮೇಲೆ. ನಾಳದ ಬಾಯಿಯನ್ನು ತಲುಪಿದಾಗ ಒಮ್ಮೆಲೇ ಅಂಚಿಗೆ ಹೋಗಬಾರದು. ಏಣಿನ ಮೇಲೆ ಗಾಳಿ ಹಿಮವನ್ನು ಸೂರಿನಂತೆ ಹೊರಚಾಚಿ ಕಟ್ಟಿರುತ್ತದೆ; ನೆಲವೆಂದುಕೊಂಡು ನಿಂತದ್ದು ಬರಿಯ ಗಾಳಿಯ ಮೇಲಿನ ಹಿಮವಾಗಿರಬಹುದು. ಪಕ್ಕದಿಂದ ನೋಡಿ, ಕೋಲಿನಿಂದ ಚುಚ್ಚಿ, ಬಂಡೆಯ ಆಧಾರವಿರುವ ಕಡೆ ನಿಲ್ಲಬೇಕು. ಅಲ್ಲಿಂದ ಕೆಳಗೆ ನೋಡಿದರೆ ಮೊದಲ ಇಪ್ಪತ್ತು ಮೀಟರ್ ಕಾಣುತ್ತದೆ, ನಡುವಿನದು ಕಾಣುವುದಿಲ್ಲ, ಆಮೇಲೆ ಬಹಳ ಕೆಳಗೆ ಬಿಳಿಯ ಬೀಸಣಿಗೆಯಂತೆ ಹರಡಿದ ತಪ್ಪಲು ಕಾಣುತ್ತದೆ. ಕಾಣದ ಆ ನಡುಭಾಗಕ್ಕಾಗಿಯೇ ಹಿಂದಿನ ದಿನ ಎದುರಿನ ಇಳಿಜಾರಿನಿಂದ ದುರ್ಬೀನು ಹಿಡಿದು ನೋಡಿ, ಎಲ್ಲಿ ಕಿರಿದಾಗುತ್ತದೆ, ಎಲ್ಲಿ ಬಂಡೆ ತಲೆಯೆತ್ತಿದೆ ಎಂದು ಚಿತ್ರ ಬರೆದುಕೊಂಡಿರುತ್ತೇವೆ.

ಇಳಿಯುವುದು ಒಮ್ಮೆಗೆ ಒಬ್ಬರೇ. ಉಳಿದವರು ಬಂಡೆಯ ಮರೆಯಲ್ಲಿ ನಿಂತು ಕಣ್ಣು ಕೀಳದೆ ನೋಡುತ್ತಿರಬೇಕು. ಎಲ್ಲರೂ ಕೆಳಗೆ ಸೇರಿದ ಮೇಲೆ ಪೈನ್ ಮತ್ತು ದೇವದಾರು ಮರಗಳ ನಡುವೆ ಬಾಬಾರೇಶಿಯ ದರ್ಗಾದ ಕಡೆಗೆ ಜಾರಿಕೊಂಡು ಹೋಗಿ, ಅಲ್ಲಿಂದ ಗಾಡಿಯಲ್ಲಿ ಗುಲ್ಮಾರ್ಗಿಗೆ ಮರಳಿದರೆ ಮೂರೂವರೆಯ ಹೊತ್ತು. ಅದೃಷ್ಟವಿದ್ದರೆ ಇನ್ನೊಂದು ಸುತ್ತು ಸಿಕ್ಕೀತು. ನನಗೆ ಸಿಕ್ಕಿದ್ದು ಕಡಿಮೆ.

ಇಷ್ಟು ಇಕ್ಕಟ್ಟಿನಲ್ಲಿ ತಿರುಗುವುದಾದರೂ ಹೇಗೆ?

ನನ್ನ ಸ್ಕೀಯ ಉದ್ದ 178 ಸೆಂಟಿಮೀಟರ್. ನಾಳ ಅದಕ್ಕಿಂತ ಕಿರಿದಾಗಿದ್ದರೆ ತಿರುಗುವ ಪ್ರಶ್ನೆಯೇ ಇಲ್ಲ. ಇಳಿಜಾರಿಗೆ ಅಡ್ಡವಾಗಿ ನಿಂತು ಸ್ಕೀಯ ಅಂಚುಗಳನ್ನು ತುಸು ಸಡಿಲಿಸಿ, ಬಾಗಿಲಿನ ಬೋಲ್ಟು ಸರಿದಂತೆ ಅಡ್ಡಡ್ಡಲಾಗಿಯೇ ಕೆಳಕ್ಕೆ ಸರಿಯಬೇಕು. ಇದನ್ನು ಕಲಿಯಲು ಮನಸ್ಸು ಮಾಡುವವರು ಕಡಿಮೆ, ಏಕೆಂದರೆ ನೋಡಲು ಚೆನ್ನಾಗಿರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ನಾಳಕ್ಕೆ ಬರುವವರಿಗೆ ಅತ್ಯಂತ ಮುಖ್ಯವಾದ ವಿದ್ಯೆ ಇದೇ, ಏಕೆಂದರೆ ಉಳಿದೆಲ್ಲವೂ ಕೈಕೊಟ್ಟಾಗ ಕೆಳಗೆ ಮುಟ್ಟಿಸುವುದು ಇದೊಂದೇ.

ಜಾಗವಿದ್ದರೆ ಜಿಗಿದು ತಿರುಗುವುದು. ಕೆಳಗಿನ ಕೋಲನ್ನು ಪಾದಕ್ಕಿಂತ ಸಾಕಷ್ಟು ಕೆಳಗೆ ಊರಿ, ಎದೆಯನ್ನು ಕಣಿವೆಯ ಕಡೆಗೇ ಇಟ್ಟು, ಎರಡೂ ಸ್ಕೀಗಳನ್ನು ಹಿಮದಿಂದ ಎತ್ತಿ ಗಾಳಿಯಲ್ಲೇ ತಿರುಗಿಸಿ, ಇನ್ನೊಂದು ಬದಿಗೆ ಅಡ್ಡಲಾಗಿ ಇಳಿದು, ನಿಂತುಬಿಡಬೇಕು. ದೇಹ ಹೇಳುವುದು ಬೆಟ್ಟದ ಕಡೆಗೆ ಒರಗು ಎಂದು. ಒರಗಿದರೆ ಸ್ಕೀಯ ಅಂಚಿನ ಮೇಲಿನ ಭಾರ ಹೋಗಿ ಕಾಲು ಜಾರುತ್ತದೆ. ಸಹ್ಯಾದ್ರಿಯಲ್ಲಿ ಮುರುಮಿನ ಜಾರುಹಾದಿ ಇಳಿಯುವಾಗ ಹಿಂದಕ್ಕೆ ಕುಳಿತವರೇ ಜಾರುವುದನ್ನು ನೀವು ನೋಡಿರುತ್ತೀರಿ, ಇಲ್ಲಿಯೂ ಅದೇ. ಮೊದಲ ತಿರುವು ಎಲ್ಲಕ್ಕಿಂತ ಕಷ್ಟ. ಅದನ್ನು ಮಾಡದೆ ಐದು ನಿಮಿಷ ನಿಂತರೆ ತೊಡೆ ನಡುಗಲು ಆರಂಭವಾಗಿ ಇನ್ನೂ ಕಷ್ಟವಾಗುತ್ತದೆ.

ನೀವು ತಿರುಗಿದಂತೆಲ್ಲ ಮೇಲ್ಪದರದ ಸಡಿಲ ಹಿಮ ಕಾಲಡಿಯಿಂದ ಹರಿದು ನಿಮ್ಮೊಂದಿಗೇ ಇಳಿಯತೊಡಗುತ್ತದೆ. ನಾಳ ಕಿರಿದಾದ್ದರಿಂದ ಅದೆಲ್ಲ ಒಂದೇ ಕಾಲುವೆಗೆ ಸೇರಿ ಮನುಷ್ಯನನ್ನು ಕೆಡವುವಷ್ಟು ಬಲ ಪಡೆಯುತ್ತದೆ. ಎರಡು ಮೂರು ತಿರುವಿಗೊಮ್ಮೆ ಪಕ್ಕದ ದಿಣ್ಣೆಗೆ ಸರಿದು, ಅದನ್ನು ಮುಂದೆ ಹೋಗಲು ಬಿಟ್ಟು, ಆಮೇಲೆ ನೀವು ಹೊರಡಬೇಕು.

ಬಿದ್ದರೆ ಏನಾಗುತ್ತದೆ?

ಮೆತ್ತನೆಯ ಹೊಸ ಹಿಮದಲ್ಲಿ ಬಿದ್ದರೆ ಹೆಚ್ಚಾಗಿ ನಗೆಪಾಟಲಾಗುತ್ತೀರಿ, ಅಷ್ಟೇ. ಗಟ್ಟಿ ಹಿಮದಲ್ಲಿ ಹಾಗಲ್ಲ. 45 ಡಿಗ್ರಿಯ ಇಳಿಜಾರಿನಲ್ಲಿ ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಮೂರು ಸೆಕೆಂಡಿಗೆ ವೇಗ ಗಂಟೆಗೆ ಸುಮಾರು 75 ಕಿಲೋಮೀಟರ್ ಆಗುತ್ತದೆ, ನುಣುಪಾದ ನೈಲಾನ್ ಬಟ್ಟೆಗೆ ಘರ್ಷಣೆ ಇರುವುದೇ ಕಡಿಮೆ. ಆದ್ದರಿಂದ ನಿಲ್ಲಿಸಿಕೊಳ್ಳುವ ಅವಕಾಶವಿರುವುದು ಮೊದಲ ಒಂದೆರಡು ಸೆಕೆಂಡುಗಳಲ್ಲಿ ಮಾತ್ರ: ಪಾದಗಳನ್ನು ಕೆಳಕ್ಕೆ ತಂದು, ಹೊಟ್ಟೆಯ ಮೇಲೆ ಹೊರಳಿ, ಬೂಟಿನ ತುದಿಯನ್ನೂ ಕೋಲಿನ ಮೊನೆಯನ್ನೂ ಹಿಮಕ್ಕೆ ಒತ್ತಬೇಕು. ಹೊರಡುವ ಮೊದಲು ನಾನು ಕೇಳಿಕೊಳ್ಳುವುದು ‘ಬೀಳುತ್ತೇನೆಯೇ’ ಎಂದಲ್ಲ, ‘ಬಿದ್ದರೆ ಎಲ್ಲಿ ನಿಲ್ಲುತ್ತೇನೆ’ ಎಂದು. ಕೆಳಗೆ ಅಗಲವಾದ ತಪ್ಪಲಿದ್ದರೆ ಒಂದು ಮಾತು; ನಾಳ ಬಾಗಿ ಬಂಡೆಗೆ ಮುಖ ಮಾಡಿದ್ದರೆ, ಅಥವಾ ನಡುವೆ ಕಡಿದು ಬಿದ್ದಿದ್ದರೆ, ಅಂದು ನನ್ನ ಸ್ಕೀಗಳು ಹೆಗಲ ಮೇಲೆಯೇ ಉಳಿಯುತ್ತವೆ.

ಹಿಮಕುಸಿತದ ಭಯವಿಲ್ಲವೇ?

ಇದೆ, ಇರಬೇಕು. ಪದರಪದರವಾಗಿ ಕಟ್ಟಿಕೊಂಡ ಹಿಮದ ಹಲಗೆ ತನ್ನ ಕೆಳಗಿನ ದುರ್ಬಲ ಪದರದಿಂದ ಬಿಟ್ಟುಕೊಂಡು ಜಾರುವುದು ಬಹುಮಟ್ಟಿಗೆ 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ, ಅದರಲ್ಲೂ 38ರ ಆಸುಪಾಸಿನಲ್ಲಿ. ಅಂದರೆ ಸ್ಕೀ ಮಾಡುವವರಿಗೆ ಪ್ರಿಯವಾದ ಕೋನವೇ ಹಿಮಕುಸಿತಕ್ಕೂ ಪ್ರಿಯ. ನಾಳಗಳ ಬಾಯಿಯಲ್ಲಿ ಗಾಳಿ ತಂದು ಸುರಿದ ಹಿಮ ದಪ್ಪಗಿರುತ್ತದೆ, ಒಳಗೆ ತಪ್ಪಿಸಿಕೊಳ್ಳಲು ಪಕ್ಕದ ಹಾದಿಯಿರುವುದಿಲ್ಲ.

ಗುಲ್ಮಾರ್ಗಿನ ಸುತ್ತಲಿನ ಘಟನೆಗಳನ್ನು ಮರೆಯಬಾರದು. 2010ರ ಫೆಬ್ರುವರಿಯಲ್ಲಿ ಖಿಲನ್‌ಮರ್ಗ್‌ನಲ್ಲಿ ತರಬೇತಿಯಲ್ಲಿದ್ದ ಸೇನೆಯ ತಂಡದ ಮೇಲೆ ಹಿಮ ಕುಸಿದು 17 ಯೋಧರು ಸತ್ತರು; ಪರ್ವತಯುದ್ಧವನ್ನೇ ಕಲಿಸುವ ಶಾಲೆಗೆ ಸೇರಿದವರು ಅವರು. 2023ರ ಫೆಬ್ರುವರಿ 1ರಂದು ಅಫರ್ವಟ್‌ನ ಹಾಪತ್ ಖುಡ್ ಎಂಬಲ್ಲಿ ಪೋಲೆಂಡಿನ ಇಬ್ಬರು, ಮರುವರ್ಷ ಅದೇ ತಿಂಗಳಲ್ಲಿ ರಷ್ಯದ ಒಬ್ಬರು ತೀರಿಕೊಂಡರು. ಕಾಶ್ಮೀರಿಯಲ್ಲಿ ಹಾಪತ್ ಎಂದರೆ ಕರಡಿ; ಆ ಕೊರಕಲಿನ ಹೆಸರನ್ನು ನಮ್ಮ ಗೈಡ್ ದನಿ ತಗ್ಗಿಸಿಯೇ ಹೇಳುತ್ತಾರೆ.

ಗಸ್ತುಪಡೆ ನೋಡಿಕೊಳ್ಳುವುದು ಗೊಂಡೋಲಾದ ಎದುರಿನ, ಹಗ್ಗ ಕಟ್ಟಿದ ಪ್ರದೇಶವನ್ನು ಮಾತ್ರ. ಹಗ್ಗದಾಚೆಗೆ ಕಾಲಿಟ್ಟರೆ ಹೊಣೆ ನಿಮ್ಮದು. ಚಂಡೀಗಢದ ಡಿಆರ್‌ಡಿಒ ಸಂಸ್ಥೆಯೊಂದು ಜಿಲ್ಲೆವಾರು ಎಚ್ಚರಿಕೆ ಕೊಡುತ್ತದೆ, ಆದರೆ ಗುಲ್ಮಾರ್ಗ್ ಇರುವ ಇಡೀ ಬಾರಾಮುಲ್ಲಾ ಜಿಲ್ಲೆಗೆ ಕೊಟ್ಟ ಸೂಚನೆ ನೀವು ನಿಂತ ನಾಳದ ಸ್ಥಿತಿಯನ್ನು ಹೇಳಲಾರದು. ಅಪಾಯವನ್ನು ತೋರಿಸುವ ಐದು ಹಂತಗಳ ಅಳತೆಯಲ್ಲಿ ನಾಲ್ಕು ಐದಕ್ಕೆ ಎಲ್ಲರೂ ಹೆದರಿ ಮನೆಯಲ್ಲೇ ಇರುತ್ತಾರೆ; ನಡುವಿನ ಮೂರನೆಯ ಹಂತ ಜನರನ್ನು ಮೋಸಗೊಳಿಸುತ್ತದೆ. ಹೊಸ ಹಿಮ ಬಿದ್ದ ಮೇಲೆ ಕನಿಷ್ಠ ಎರಡು ದಿನ ನಾವು ನಾಳಗಳ ಕಡೆಗೆ ಮುಖ ಹಾಕುವುದಿಲ್ಲ. ಹತ್ತು ದಿನದ ರಜೆಯಲ್ಲಿ ಇದು ನೋವಿನ ನಿಯಮ.

ಯಾವ ಸಾಮಗ್ರಿ ಬೇಕು?

ಮೂರು ವಸ್ತುಗಳಿಲ್ಲದೆ ಹಗ್ಗ ದಾಟಬಾರದು: ಬೀಕನ್, ಹಿಮಕ್ಕೆ ಚುಚ್ಚಿ ಹೂತವರನ್ನು ಹುಡುಕುವ ಪ್ರೋಬ್ ಕೋಲು, ಲೋಹದ ಸಲಿಕೆ. ಬೀಕನ್ ಎಂದರೆ 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳಿಸುತ್ತಿರುವ ಪುಟ್ಟ ರೇಡಿಯೋ; ಹಿಮದಡಿ ಹೂತವರನ್ನು ಗೆಳೆಯರು ಅದರಿಂದ ಹುಡುಕುತ್ತಾರೆ. ಹೂತು ಹತ್ತು ಹದಿನೈದು ನಿಮಿಷ ಕಳೆದರೆ ಬದುಕುವ ಸಾಧ್ಯತೆ ಕಡಿದಾಗಿ ಇಳಿಯುವುದರಿಂದ ಹೊರಗಿನಿಂದ ಬರುವ ಸಹಾಯವನ್ನು ನೆಚ್ಚಿಕೊಳ್ಳುವಂತಿಲ್ಲ. ಮೊಬೈಲನ್ನು ಬೀಕನ್ನಿನಿಂದ ಕನಿಷ್ಠ 20 ಸೆಂಟಿಮೀಟರ್ ದೂರವಿಡಬೇಕು, ಹುಡುಕುವಾಗ 50. ಎದೆಯ ಜೇಬಿನಲ್ಲಿ ಎರಡನ್ನೂ ಒಟ್ಟಿಗೆ ಇಟ್ಟವರನ್ನು ನಾನು ಪ್ರತಿವರ್ಷ ನೋಡುತ್ತೇನೆ. ಸಲಿಕೆ ಬೀಸುವ ಅಭ್ಯಾಸ ಪುಣೆಯಲ್ಲೇ ಆಗಲಿ, ಮರಳಿನ ರಾಶಿ ಎಲ್ಲ ಕಟ್ಟಡಗಳ ಮುಂದೆಯೂ ಇರುತ್ತದೆ. ಹೆಲ್ಮೆಟ್ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಬೈಂಡಿಂಗ್ ವಿಚಾರದಲ್ಲಿ ಒಂದು ಅನುಭವ. ಬೂಟನ್ನು ಸ್ಕೀಗೆ ಕಚ್ಚಿ ಹಿಡಿಯುವ, ಬಿದ್ದಾಗ ಬಿಟ್ಟುಕೊಡುವ ಸಾಧನವದು. ಎಷ್ಟು ಬಲಕ್ಕೆ ಬಿಡಬೇಕೆಂಬ ಅಂಕಿಯನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ ಮತ್ತು ಸ್ಕೀ ಮಾಡುವ ರೀತಿಯನ್ನು ನೋಡಿ ನಿರ್ಧರಿಸುತ್ತಾರೆ. ಒಮ್ಮೆ ಬಾಡಿಗೆಗೆ ತಂದ ಸ್ಕೀಯಲ್ಲಿ ಹಿಂದಿನ ಗಿರಾಕಿಯ ಅಂಕಿ ಹಾಗೆಯೇ ಉಳಿದಿತ್ತು, ನನಗಿಂತ ಇಪ್ಪತ್ತು ಕಿಲೋ ಹಗುರ ಇದ್ದಿರಬೇಕು. ನಾಳದ ಎರಡನೆಯ ಜಿಗಿತದಲ್ಲೇ ಬಲಗಾಲಿನದು ಕಳಚಿಕೊಂಡಿತು. ಬ್ರೇಕಿನ ಕಾಲುಗಳು ಹಿಮ ಕಚ್ಚಿದ್ದರಿಂದ ಸ್ಕೀ ಮೂರು ಮೀಟರ್ ಕೆಳಗೆ ನಿಂತಿತು, ಅದನ್ನು ಮರಳಿ ಕಟ್ಟಿಕೊಳ್ಳಲು ಹಿಮದಲ್ಲಿ ಹೆಜ್ಜೆಮಣೆ ತೋಡಿ ಇಪ್ಪತ್ತು ನಿಮಿಷ ಒದ್ದಾಡಿದೆ. ತಪ್ಪು ಅಂಗಡಿಯವರದೆಂದು ಆಗ ಬೈದೆ; ಸ್ಕ್ರೂಡ್ರೈವರ್ ನನ್ನ ಜೇಬಿನಲ್ಲೇ ಇತ್ತು.

ನಾನು ಒಳ್ಳೆಯ ಚಾರಣಿಗ. ನೇರವಾಗಿ ನಾಳಕ್ಕೆ ಬರಬಹುದೇ?

ಇಲ್ಲ. ಸಹ್ಯಾದ್ರಿಯ ಚಾರಣ ಕೊಡುವುದು ಉಸಿರು, ತೊಡೆಯ ಬಲ, ಎತ್ತರದ ಅಂಚಿನಲ್ಲಿ ತಲೆ ತಿರುಗದ ಗುಣ. ಸ್ಕೀಯ ಅಂಚಿನ ಮೇಲೆ ನಿಲ್ಲುವುದನ್ನು ಅದು ಕಲಿಸುವುದಿಲ್ಲ. ಗುಲ್ಮಾರ್ಗಿನಲ್ಲೇ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀ ಮತ್ತು ಪರ್ವತಾರೋಹಣ ಸಂಸ್ಥೆ ಇದೆ, ಅಲ್ಲಿಂದ ಆರಂಭಿಸುವುದು ಒಳ್ಳೆಯದು. ವರ್ಷಕ್ಕೆ ಹತ್ತೇ ದಿನ ಹಿಮ ಕಾಣುವ ನಮ್ಮಂಥವರಿಗೆ ಮೊದಲ ಸುಲಭ ನಾಳಕ್ಕೆ ಐದಾರು ವರ್ಷ ಬೇಕು. ನನಗೆ ಏಳು ಹಿಡಿದವು.

ಮುಂಬೈನ ಮಾಲ್‌ಗಳಲ್ಲಿರುವ ಹಿಮದ ಕೋಣೆಗಳಲ್ಲಿ ಅಭ್ಯಾಸ ಮಾಡಬಹುದೇ?

ಮಕ್ಕಳಿಗೆ ಖುಷಿಯಾಗುತ್ತದೆ. ನಿಮಗೆ ಸಿಂಹಗಡವೇ ಮೇಲು: ಹತ್ತುವಾಗ ಅವಸರ ಬೇಡ, ಇಳಿಯುವಾಗ ಮೊಣಕಾಲನ್ನು ಮೆತ್ತಗಿಟ್ಟು, ಸಣ್ಣ ಹೆಜ್ಜೆಗಳಲ್ಲಿ, ನಿಲ್ಲದೆ ಇಳಿಯಿರಿ. ಸ್ಕೀಯಲ್ಲಿ ತೊಡೆಗೆ ಬೀಳುವ ಕೆಲಸ ಹೆಚ್ಚುಕಡಿಮೆ ಆ ಬಗೆಯದೇ.

ಎತ್ತರದಲ್ಲಿ ಉಸಿರು ಕಟ್ಟುವುದಿಲ್ಲವೇ?

ಪುಣೆ ಇರುವುದು ಸುಮಾರು 560 ಮೀಟರಿನಲ್ಲಿ, ಮಹಾರಾಷ್ಟ್ರದ ಅತಿ ಎತ್ತರದ ಕಳಸೂಬಾಯಿಯೇ 1,646 ಮೀಟರ್. ಗೊಂಡೋಲಾದ ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಐದರಲ್ಲಿ ಮೂರು ಪಾಲಿನಷ್ಟೇ. ಮೊದಲ ಎರಡು ದಿನ ಕೆಳಗೇ ಕಳೆಯಬೇಕು. ಮೇಲೆ ತಲೆನೋವು, ವಾಕರಿಕೆ ಬಂದರೆ ಮಾತ್ರೆ ನುಂಗಿ ಮುಂದುವರಿಯದೆ ಇಳಿಯಬೇಕು. ನಾಲ್ಕು ಜಿಗಿತಕ್ಕೆ ಎದೆ ಡೋಲಾಗುವುದು ಮಾತ್ರ ಎಲ್ಲರಿಗೂ ಸಹಜ.

ಜೇಬಿನಲ್ಲಿ ತಿನ್ನಲು ಏನು ಒಯ್ಯುತ್ತೀರಿ?

ಶೇಂಗಾ ಹೋಳಿಗೆ. ಚಾಕೊಲೇಟ್ ಆ ಚಳಿಯಲ್ಲಿ ಕಲ್ಲಾಗುತ್ತದೆ. ವಿಜಯಪುರದ ನನ್ನ ಅತ್ತಿಗೆ ಕಟ್ಟಿಕೊಡುವ ಹೋಳಿಗೆ ಮುರಿಯುತ್ತದೆ, ಕರಗುತ್ತದೆ, ಗೈಡ್ ಕೂಡ ಕೇಳಿ ತಿನ್ನುತ್ತಾರೆ. ಫ್ಲಾಸ್ಕಿನಲ್ಲಿ ಕಾಶ್ಮೀರಿ ಚಹಾ ಕಹ್ವಾ.

ವಿಮೆ ಸಿಗುತ್ತದೆಯೇ?

ಸಾಮಾನ್ಯ ಆರೋಗ್ಯ ವಿಮೆಗಳಲ್ಲಿ ಹಲವು ಸಾಹಸ ಕ್ರೀಡೆಗಳನ್ನು ಹೊರಗಿಡುತ್ತವೆ. ಹಗ್ಗದಾಚೆಯ ಸ್ಕೀಯಿಂಗ್ ಸೇರಿದೆಯೇ, ರಕ್ಷಣೆಯ ವೆಚ್ಚ ಸೇರಿದೆಯೇ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಮನೆಯವರಿಗೆ ಏನು ಹೇಳುತ್ತೀರಿ?

ಮೊದಲು ಸುಳ್ಳು ಹೇಳುತ್ತಿದ್ದೆ. ಅವ್ವ ಒಮ್ಮೆ ಟಿವಿಯಲ್ಲಿ ಸುದ್ದಿ ನೋಡಿದ ಮೇಲೆ ಅದು ನಡೆಯಲಿಲ್ಲ. ಈಗ ಯಾವ ನಾಳ, ಯಾರ ಜೊತೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂಬುದನ್ನು ಹೆಂಡತಿಗೆ ಬೆಳಿಗ್ಗೆಯೇ ಬರೆದು ಕಳಿಸುತ್ತೇನೆ. ಐದು ಗಂಟೆಯೊಳಗೆ ಫೋನ್ ಬಾರದಿದ್ದರೆ ಯಾವ ಸಂಖ್ಯೆಗೆ ಕರೆ ಮಾಡಬೇಕೆಂದು ಅವಳಿಗೆ ಗೊತ್ತಿದೆ. ಅವ್ವ ಕೇಳುವುದು ಒಂದೇ ಮಾತು, ‘ಇವತ್ತ ಇಳದಿಯೋ, ಬಿಟ್ಟಿಯೋ?’

ಬಾಯಿಯವರೆಗೆ ಹೋಗಿ ಇಳಿಯದೆ ಬಂದದ್ದು ಇದೆಯೇ?

ಇಳಿದ ದಿನಗಳಿಗಿಂತ ಅವೇ ಹೆಚ್ಚು. ಕಳೆದ ಸಲ ನಾಲ್ಕು ದಿನ ಕಾದು, ಸಾಲಿನಲ್ಲಿ ಎರಡೂವರೆ ಗಂಟೆ ನಿಂತು, ಏಣು ನಡೆದು ನಾಳದ ಬಾಯಿಗೆ ಹೋದೆವು. ಆಕಾಶ ನೀಲಿ, ಗಾಳಿ ಇಲ್ಲ. ಗೈಡ್ ಅಂಚಿನ ಹಿಂದೆ ಸಲಿಕೆಯಿಂದ ಒಂದು ಮೊಳ ಹಿಮ ಕತ್ತರಿಸಿ ತಟ್ಟಿದರು. ಮೇಲಿನ ತುಂಡು ಪುಸ್ತಕದ ರಟ್ಟಿನಂತೆ ಸಲೀಸಾಗಿ ಜಾರಿ ಅವರ ಮಡಿಲಿಗೆ ಬಂತು. ಯಾರೂ ಮಾತಾಡಲಿಲ್ಲ. ನಮ್ಮಲ್ಲಿ ಚಿಕ್ಕವನಾದ, ಹಿಂಜೆವಾಡಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ಹುಡುಗ ಮಾತ್ರ ಕೆಳಗಿನ ಬಿಳಿಯನ್ನು ನೋಡುತ್ತ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ಹೋಳಿಗೆಯ ಡಬ್ಬಿ ತೆಗೆದೆವು, ತಿಂದೆವು, ಬಂದ ಹೆಜ್ಜೆಗುರುತುಗಳಲ್ಲೇ ಕಾಲಿಟ್ಟು ನಿಲ್ದಾಣಕ್ಕೆ ಮರಳಿ ಹಗ್ಗದೊಳಗಿನ ಬಟ್ಟಲಿನಲ್ಲಿ ಇಳಿದೆವು. ಅವ್ವನಿಗೆ ಫೋನ್ ಮಾಡಿ ‘ಬಿಟ್ಟೆ’ ಎಂದೆ.